ಹಲವು ಬಾಗಿಲಿಗೆ ಒಂದೇ ಕೀಲಿಕೈ: ಲಾಗಿನ್, ಓಟಿಪಿ ಮತ್ತು ಕಿವಿಯೋಲೆ ಕುರಿತು ಹೈನುಗಾರರಿಗೆ ಒಂದು ಪಾಠ

ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲೂಕುಗಳ ಹಾಲು ಉತ್ಪಾದಕ ಸದಸ್ಯ ಬಾಂಧವರೇ,

ಹೈನುಗಾರಿಕೆಯ ಪಾಠವೆಂದರೆ ಮೇವು, ಬೆದೆ, ಕೆಚ್ಚಲು ಬಾವು, ಜಂತುಹುಳು ಇಷ್ಟೇ ಎಂಬುದು ಬಹುಕಾಲದ ರೂಢಿ. ತೊಗರಿ ಹೊಟ್ಟು ಎಷ್ಟು ಹಾಕಬೇಕು, ಕಣಕಿಯನ್ನು ಕತ್ತರಿಸಿ ಹಾಕಿದರೆ ಏನು ಲಾಭ ಎಂಬುದು ನಿಮಗೆ ಚೆನ್ನಾಗಿ ಗೊತ್ತಿದೆ. ಆದರೆ ಈಗ ಹೈನುಗಾರನ ಮನೆಗೆ ಇನ್ನೊಂದು ವಿಷಯ ಬಂದು ಕೂತಿದೆ. ಅದು ನಂಬರುಗಳ ವಿಷಯ.

ನಿಮ್ಮ ಮನೆಯಲ್ಲಿ ಎಷ್ಟು ನಂಬರುಗಳಿವೆ ಎಂದು ಒಮ್ಮೆ ಎಣಿಸಿ ನೋಡಿ. ಆಧಾರ್ ನಂಬರ್, ಬ್ಯಾಂಕಿನ ಖಾತೆ ನಂಬರ್, ಸಂಘದ ಸದಸ್ಯ ಸಂಖ್ಯೆ, ರೈತರ ಎಫ್‌ಐಡಿ, ಮೊಬೈಲ್ ನಂಬರ್. ಇವುಗಳ ಮೇಲೆ ಪ್ರತಿಯೊಂದು ಆಕಳು ಮತ್ತು ಎಮ್ಮೆಯ ಕಿವಿಯಲ್ಲಿ ಇನ್ನೊಂದು ನಂಬರ್. ಇವುಗಳಲ್ಲಿ ಒಂದು ಇನ್ನೊಂದಕ್ಕೆ ಹೊಂದದಿದ್ದರೆ ಹಾಲು ಕೊಟ್ಟರೂ ಪ್ರೋತ್ಸಾಹಧನ ಬರುವುದಿಲ್ಲ, ದನ ಸತ್ತರೂ ವಿಮೆ ಸಿಗುವುದಿಲ್ಲ. ಹಾಲು ಕಡಿಮೆಯಾಗಿ ನಷ್ಟವಾದರೆ ಕಾರಣ ಹುಡುಕಬಹುದು. ಹೆಸರು ಹೊಂದದೆ ನಷ್ಟವಾದರೆ ಅದು ಎಷ್ಟೋ ತಿಂಗಳು ಗೊತ್ತೇ ಆಗುವುದಿಲ್ಲ.

ಆದ್ದರಿಂದ ಈ ಸಂಚಿಕೆಯಲ್ಲಿ ಒಂದು ಹೊಸ ವಿಷಯವನ್ನು ತಿಳಿಯೋಣ. ಇದಕ್ಕೆ ‘ಸಿಂಗಲ್ ಸೈನ್-ಆನ್’ ಎನ್ನುತ್ತಾರೆ. ಕನ್ನಡದಲ್ಲಿ ‘ಒಂದೇ ಬಾರಿಯ ಪ್ರವೇಶ’ ಎನ್ನಬಹುದು. ಒಂದು ಕಡೆ ನಿಮ್ಮ ಗುರುತು ಖಾತ್ರಿಯಾದರೆ ಹಲವು ಕಡೆ ಅದು ನಡೆಯುವ ವ್ಯವಸ್ಥೆ ಇದು. ಹೆಸರು ಕೇಳಿ ಹೆದರಬೇಕಾಗಿಲ್ಲ. ಇದರ ತಿರುಳು ನಿಮ್ಮ ಸಂಘದ ಹಾಲಿನ ಕಟ್ಟೆಯಲ್ಲಿಯೇ ಇದೆ.

1. ಮೊದಲು ಮೂರು ಮಾತುಗಳನ್ನು ಬೇರೆ ಮಾಡಿಕೊಳ್ಳೋಣ

ಬೆಳಿಗ್ಗೆ ಹಾಲು ಹಾಕಲು ಹೋದಾಗ ನಿಮ್ಮ ಸದಸ್ಯ ಸಂಖ್ಯೆ ಹೇಳುತ್ತೀರಿ. ಇದು ‘ಗುರುತು’. ಆ ಸಂಖ್ಯೆಯನ್ನು ಯಾರು ಬೇಕಾದರೂ ಹೇಳಬಹುದು. ಅದು ಗುಟ್ಟಲ್ಲ.

ಹಾಲು ಪರೀಕ್ಷಕರು ನಿಮ್ಮ ಮುಖ ನೋಡಿ, ‘ಹೌದು, ಇವರೇ’ ಎಂದು ಖಚಿತ ಮಾಡಿಕೊಳ್ಳುತ್ತಾರೆ. ಇದು ‘ಖಾತ್ರಿ’. ಮೊಬೈಲಿನಲ್ಲಿ ಮುಖ ನೋಡುವವರು ಇರುವುದಿಲ್ಲ. ಆದ್ದರಿಂದ ಅಲ್ಲಿ ಪಾಸ್‌ವರ್ಡ್, ಓಟಿಪಿ ಅಥವಾ ಬೆರಳಚ್ಚು ಕೇಳುತ್ತಾರೆ.

ನಿಮ್ಮ ಗುರುತು ಖಾತ್ರಿಯಾದ ಮೇಲೂ ನೀವು ಸಂಘದ ಕಪಾಟು ತೆಗೆಯುವಂತಿಲ್ಲ. ಸದಸ್ಯರು ಹಾಲು ಹಾಕಬಹುದು, ತಮ್ಮ ಲೆಕ್ಕ ನೋಡಬಹುದು. ಬಟವಾಡೆಯ ಪಟ್ಟಿ ಬರೆಯುವುದು ಕಾರ್ಯದರ್ಶಿಯ ಕೆಲಸ. ಇದು ‘ಅನುಮತಿ’.

ಗುರುತು, ಖಾತ್ರಿ, ಅನುಮತಿ. ಈ ಮೂರನ್ನು ಕಲಸಿಬಿಟ್ಟರೆ ತೊಂದರೆ ಶುರು. ಎಫ್‌ಐಡಿ ಒಂದು ಗುರುತು ಮಾತ್ರ. ಕಿವಿಯೋಲೆಯ ನಂಬರ್ ಒಂದು ಗುರುತು ಮಾತ್ರ. ಇವು ಮನೆಯ ನಂಬರ್ ಇದ್ದ ಹಾಗೆ, ಕೀಲಿಕೈ ಅಲ್ಲ. ಓಟಿಪಿ ಮಾತ್ರ ಕೀಲಿಕೈ. ಮನೆ ನಂಬರನ್ನು ಬಾಗಿಲ ಮೇಲೆ ಬರೆಯಬಹುದು, ಕೀಲಿಕೈಯನ್ನು ಬಾಗಿಲಿಗೆ ತೂಗುಹಾಕುವುದಿಲ್ಲ.

2. ಚೀಟಿಯ ಲೆಕ್ಕ

ಈಗ ಒಂದು ಉದಾಹರಣೆ ತೆಗೆದುಕೊಳ್ಳೋಣ. ನೀವು ಪಶು ಆಸ್ಪತ್ರೆಗೆ ಹೋಗುತ್ತೀರಿ. ಅಲ್ಲಿಯವರಿಗೆ ನಿಮ್ಮ ಪರಿಚಯವಿಲ್ಲ. ‘ನಿಮ್ಮ ಸಂಘದಿಂದ ಚೀಟಿ ತನ್ನಿ’ ಎನ್ನುತ್ತಾರೆ. ನೀವು ಸಂಘಕ್ಕೆ ಬರುತ್ತೀರಿ. ಕಾರ್ಯದರ್ಶಿಗಳು ನಿಮ್ಮನ್ನು ನೋಡಿ, ದಾಖಲೆ ಪುಸ್ತಕ ತೆಗೆದು, ಒಂದು ಚೀಟಿ ಬರೆದು ಮೊಹರು ಒತ್ತಿ ಕೊಡುತ್ತಾರೆ. ಆಸ್ಪತ್ರೆಯವರು ಮೊಹರು ನೋಡಿ ಒಳಗೆ ಬಿಡುತ್ತಾರೆ.

ಆ ಚೀಟಿಯಲ್ಲಿ ನಾಲ್ಕು ಸಂಗತಿಗಳು ಇರಬೇಕು.

ಒಂದು, ಯಾರ ಬಗ್ಗೆ ಬರೆದ ಚೀಟಿ.
ಎರಡು, ಯಾವ ಬಾಗಿಲಿಗೆ ಬರೆದ ಚೀಟಿ. ಆಸ್ಪತ್ರೆಗೆ ಬರೆದದ್ದು ಬ್ಯಾಂಕಿನಲ್ಲಿ ನಡೆಯಬಾರದು.
ಮೂರು, ಎಲ್ಲಿಯವರೆಗೆ ನಡೆಯುತ್ತದೆ. ನಿನ್ನೆಯ ಚೀಟಿ ಇಂದು ನಡೆಯಬಾರದು.
ನಾಲ್ಕು, ಬೇರೆಯವರು ಮಾಡಲಾಗದಂಥ ಮೊಹರು.

ಇನ್ನೊಂದು ಮಾತನ್ನು ಗಮನಿಸಿ. ಆ ಚೀಟಿಯಲ್ಲಿ ನಿಮ್ಮ ಗುಟ್ಟಿನ ಪಾಸ್‌ವರ್ಡ್ ಇರುವುದಿಲ್ಲ. ಆಸ್ಪತ್ರೆಯವರಿಗೆ ಅದು ತಿಳಿಯಬೇಕಾದ ಅಗತ್ಯವೇ ಇಲ್ಲ. ಇದೇ ಈ ವ್ಯವಸ್ಥೆಯ ದೊಡ್ಡ ಗುಣ. ಹತ್ತು ಕಡೆ ಹತ್ತು ಪಾಸ್‌ವರ್ಡ್ ಕೊಟ್ಟರೆ ಹತ್ತು ಕಡೆ ಸೋರುವ ಭಯ. ಒಂದೇ ಕಡೆ ಕೊಟ್ಟು ಉಳಿದೆಡೆ ಚೀಟಿ ತೋರಿಸಿದರೆ ಕಾಯಬೇಕಾದ ಜಾಗ ಒಂದೇ.

ಅದೇ ದಿನ ನೀವು ವಿಮೆಯ ಕೆಲಸಕ್ಕೂ ಹೋಗಬೇಕಾಯಿತು ಎನ್ನಿ. ಮತ್ತೆ ಸಂಘಕ್ಕೆ ಬರುತ್ತೀರಿ. ಬೆಳಿಗ್ಗೆಯೇ ನಿಮ್ಮನ್ನು ಖಾತ್ರಿ ಮಾಡಿಕೊಂಡಿದ್ದರಿಂದ ಕಾರ್ಯದರ್ಶಿಗಳು ಮತ್ತೆ ಏನೂ ಕೇಳದೆ ವಿಮಾ ಕಚೇರಿಯ ಹೆಸರಿಗೆ ಎರಡನೆಯ ಚೀಟಿ ಬರೆಯುತ್ತಾರೆ. ಒಂದೇ ಬಾರಿಯ ಪ್ರವೇಶ ಎಂದರೆ ಇದೇ. ಮೊಬೈಲಿನಲ್ಲಿ ಈ ಹೋಗಿಬರುವ ಕೆಲಸವೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತದೆ. ಆದ್ದರಿಂದ ನಮಗೆ ಕಾಣುವುದಿಲ್ಲ.

ಈ ವಿಚಾರ ಹೊಸದಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ 1983ರಲ್ಲಿ ಅಥೀನಾ ಎಂಬ ಯೋಜನೆ ಆರಂಭವಾಯಿತು. ವಿದ್ಯಾರ್ಥಿಗಳು ಯಾವ ಕಂಪ್ಯೂಟರಿನ ಮುಂದೆ ಕುಳಿತರೂ ತಮ್ಮ ಕೆಲಸ ಮಾಡಿಕೊಳ್ಳುವಂತಾಗಬೇಕಿತ್ತು. ಅದಕ್ಕಾಗಿ ಅವರು ರೂಪಿಸಿದ ಚೀಟಿ ಪದ್ಧತಿಗೆ ‘ಕರ್ಬರೋಸ್’ ಎಂದು ಹೆಸರಿಟ್ಟರು. ಗ್ರೀಕರ ಪುರಾಣದಲ್ಲಿ ಪಾತಾಳದ ಬಾಗಿಲು ಕಾಯುವ ಮೂರು ತಲೆಯ ನಾಯಿಯ ಹೆಸರು ಅದು. ಮುಂದೆ ಅಂತರ್ಜಾಲ ಬೆಳೆದಂತೆ ಬೇರೆ ಬೇರೆ ಸಂಸ್ಥೆಗಳ ನಡುವೆ ಚೀಟಿ ನಡೆಯುವಂತೆ 2005ರಲ್ಲಿ ‘ಸ್ಯಾಮಲ್’ ಪದ್ಧತಿಯ ಎರಡನೆಯ ಆವೃತ್ತಿ, 2014ರಲ್ಲಿ ಮೊಬೈಲ್ ಆ್ಯಪ್‌ಗಳಿಗೂ ಹೊಂದುವ ‘ಓಪನ್ ಐಡಿ ಕನೆಕ್ಟ್’ ಎಂಬ ನಿಯಮಗಳು ಬಂದವು. ಹೆಸರುಗಳನ್ನು ನೆನಪಿಡಬೇಕಾಗಿಲ್ಲ. ಎಲ್ಲದರ ಒಳಗಿರುವುದು ಮೊಹರಿನ ಚೀಟಿಯೇ.

3. ನಮ್ಮಲ್ಲಿ ಏನಿದೆ?

ಕೇಂದ್ರ ಸರ್ಕಾರವು 2022ರ ಜುಲೈ 4ರಂದು ‘ಮೇರಿ ಪಹಚಾನ್’ ಎಂಬ ರಾಷ್ಟ್ರೀಯ ಪ್ರವೇಶ ವ್ಯವಸ್ಥೆಯನ್ನು ಆರಂಭಿಸಿತು. ‘ನನ್ನ ಗುರುತು’ ಎಂಬುದು ಅದರ ಅರ್ಥ. ಡಿಜಿಲಾಕರ್, ಇ-ಪ್ರಮಾಣ್ ಮತ್ತು ಜನ ಪರಿಚಯ್ ಎಂಬ ಮೂರು ವ್ಯವಸ್ಥೆಗಳು ಇದರೊಳಗೆ ಖಾತ್ರಿ ಕೊಡುವ ಕೆಲಸ ಮಾಡುತ್ತವೆ. ಅಂದರೆ ಚೀಟಿ ಬರೆಯುವ ಕಾರ್ಯದರ್ಶಿಗಳು ಮೂವರು. ಇವರಲ್ಲಿ ಒಬ್ಬರ ಹತ್ತಿರ ನಿಮ್ಮ ಹೆಸರಿದ್ದರೆ, ಇದಕ್ಕೆ ಸೇರಿಕೊಂಡಿರುವ ಬೇರೆ ಬೇರೆ ಸರ್ಕಾರಿ ಸೇವೆಗಳಿಗೆ ಬೇರೆ ಬೇರೆ ಪಾಸ್‌ವರ್ಡ್ ಬೇಡ. 2015ರಲ್ಲಿ ಆರಂಭವಾದ ಡಿಜಿಲಾಕರ್ ನಿಮ್ಮ ಮಕ್ಕಳಿಗೆ ಗೊತ್ತಿರಬಹುದು. ಅಂಕಪಟ್ಟಿ, ಡ್ರೈವಿಂಗ್ ಲೈಸೆನ್ಸ್ ಅದರಲ್ಲಿ ಸಿಗುತ್ತವೆ.

ನಮ್ಮ ರಾಜ್ಯದಲ್ಲಿ ರೈತರಿಗಾಗಿ ‘ಫ್ರೂಟ್ಸ್’ ಎಂಬ ನೋಂದಣಿ ಇದೆ. ಅದರಲ್ಲಿ ಸಿಗುವ ನಂಬರೇ ಎಫ್‌ಐಡಿ. ಕೃಷಿ, ತೋಟಗಾರಿಕೆ, ರೇಷ್ಮೆ, ಪಶುಸಂಗೋಪನೆ ಹೀಗೆ ಪ್ರತಿ ಇಲಾಖೆಗೂ ಪಹಣಿ, ಆಧಾರ್, ಪಾಸ್ ಪುಸ್ತಕದ ಝೆರಾಕ್ಸ್ ಹೊತ್ತು ತಿರುಗುವುದನ್ನು ತಪ್ಪಿಸುವುದು ಇದರ ಉದ್ದೇಶ. ಒಮ್ಮೆ ಕೊಟ್ಟ ವಿವರವನ್ನು ಎಲ್ಲ ಇಲಾಖೆಗಳೂ ಅಲ್ಲಿಂದಲೇ ನೋಡಿಕೊಳ್ಳುತ್ತವೆ. ಇದು ಪ್ರವೇಶದ ಕೀಲಿಕೈ ಅಲ್ಲ, ಒಂದೇ ದಾಖಲೆ ಪುಸ್ತಕ.

ದನಗಳಿಗೆ ‘ಭಾರತ್ ಪಶುಧನ್’ ಎಂಬ ದಾಖಲೆ ಇದೆ. ಮೊದಲು ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ರೂಪಿಸಿದ್ದ ‘ಇನಾಫ್’ ಎಂಬ ವ್ಯವಸ್ಥೆಯಲ್ಲಿ ಬರೆಯುತ್ತಿದ್ದುದನ್ನು ಈಗ ಇದರಲ್ಲಿ ಬರೆಯುತ್ತಾರೆ.

ಒಂದು ತಪ್ಪು ತಿಳಿವಳಿಕೆ ಬೇಡ. ಇವೆಲ್ಲವೂ ಒಂದೇ ಲಾಗಿನ್‌ನಲ್ಲಿ ತೆರೆಯುವ ಒಂದೇ ಮನೆ ಅಲ್ಲ. ಬೇರೆ ಬೇರೆ ಮನೆಗಳು. ಆದರೆ ಎಲ್ಲ ಮನೆಗಳಲ್ಲೂ ನಿಮ್ಮ ಹೆಸರು, ಆಧಾರ್ ಮತ್ತು ಮೊಬೈಲ್ ನಂಬರ್ ಇವೆ. ಈ ಮೂರೂ ಸರಿಯಾಗಿದ್ದರೆ ಮುಂದೆ ಯಾವ ಹೊಸ ವ್ಯವಸ್ಥೆ ಬಂದರೂ ನಿಮಗೆ ಸುಲಭ. ತಪ್ಪಾಗಿದ್ದರೆ ಆ ತಪ್ಪು ಒಂದು ಮನೆಯಿಂದ ಇನ್ನೊಂದು ಮನೆಗೆ ಹರಡುತ್ತದೆ.

4. ಕಿವಿಯೋಲೆ: ದನದ ಗುರುತು

ಹಳದಿ ಕಿವಿಯೋಲೆಯ ಮೇಲೆ 12 ಅಂಕಿಗಳಿರುತ್ತವೆ. ಒಂದು ದನದ ನಂಬರ್ ದೇಶದಲ್ಲಿ ಇನ್ನೊಂದು ದನಕ್ಕೆ ಇರುವುದಿಲ್ಲ. ತಳಿ, ವಯಸ್ಸು, ಕರು ಹಾಕಿದ್ದು, ಕೃತಕ ಗರ್ಭಧಾರಣೆ ಮಾಡಿಸಿದ್ದು, ಲಸಿಕೆ ಹಾಕಿಸಿದ್ದು ಎಲ್ಲವೂ ಆ ನಂಬರಿನ ಕೆಳಗೆ ದಾಖಲಾಗುತ್ತವೆ. ಜೊತೆಗೆ ಯಜಮಾನರ ಹೆಸರು ಮತ್ತು ಮೊಬೈಲ್ ನಂಬರ್.

2019ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಕಾಲುಬಾಯಿ ಬೇನೆಯ ಲಸಿಕೆಯನ್ನು ಆರು ತಿಂಗಳಿಗೊಮ್ಮೆ ಹಾಕುತ್ತಾರೆ. 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಕಂದು ರೋಗದ ಲಸಿಕೆಯನ್ನು ಜೀವಮಾನದಲ್ಲಿ ಒಮ್ಮೆ ಹಾಕುತ್ತಾರೆ. ಈ ಎರಡನೆಯದನ್ನು ಗಮನಿಸಿ. ಒಮ್ಮೆ ಮಾತ್ರ ಹಾಕುವ ಲಸಿಕೆ ಹಾಕಿದೆಯೋ ಇಲ್ಲವೋ ಎಂಬುದು ನಾಲ್ಕು ವರ್ಷಗಳ ನಂತರ ಯಾರ ನೆನಪಿನಲ್ಲಿ ಇರುತ್ತದೆ? ದಾಖಲೆಯಲ್ಲಿ ಮಾತ್ರ. ಕಂದು ರೋಗ ಬಂದರೆ ದನ ಕಂದು ಹಾಕುತ್ತದೆ. ಅಷ್ಟೇ ಅಲ್ಲ, ಅದು ಮನುಷ್ಯರಿಗೂ ಅಂಟುತ್ತದೆ. ಆದ್ದರಿಂದ ಕಿವಿಯ ನಂಬರ್ ಮನೆಯವರ ಆರೋಗ್ಯದ ಪ್ರಶ್ನೆಯೂ ಹೌದು.

2022ರಲ್ಲಿ ಚರ್ಮಗಂಟು ರೋಗ ನಮ್ಮ ರಾಜ್ಯದ ಹಲವು ಜಿಲ್ಲೆಗಳಲ್ಲಿ ಹರಡಿ ದನಗಳು ಸತ್ತವು. ಅಂಥ ಹೊತ್ತಿನಲ್ಲಿ ‘ಈ ದನ ಇವರದೇ’ ಎಂದು ಹೇಳುವ ದಾಖಲೆ ಇದ್ದವರಿಗೆ ಕೆಲಸ ಸುಲಭ. ವಿಮೆಯಲ್ಲಂತೂ ಕಿವಿಯೋಲೆ ಇಲ್ಲದಿದ್ದರೆ ಪರಿಹಾರ ಕೇಳುವುದೇ ಕಷ್ಟ.

ಆದ್ದರಿಂದ ಹೀಗೆ ಮಾಡಿ.

ಸಂತೆಯಲ್ಲಿ ಕಿವಿಯೋಲೆ ಇರುವ ದನ ಕೊಂಡರೆ ಓಲೆಯನ್ನು ಕತ್ತರಿಸಬೇಡಿ. ಮಾರಿದವರ ಮೊಬೈಲ್ ನಂಬರ್ ಬರೆದುಕೊಳ್ಳಿ. ಪಶು ಆಸ್ಪತ್ರೆಗೆ ಹೋಗಿ ದನವನ್ನು ನಿಮ್ಮ ಹೆಸರಿಗೆ ಬದಲಿಸಿಕೊಳ್ಳಿ. ಓಲೆ ಕತ್ತರಿಸಿದರೆ ಅದರ ಲಸಿಕೆ, ಗರ್ಭಧಾರಣೆಯ ಇತಿಹಾಸವೆಲ್ಲ ಅಲ್ಲಿಗೇ ನಿಲ್ಲುತ್ತದೆ.

ದನ ಮಾರಿದರೆ ನಿಮ್ಮ ಹೆಸರಿನಿಂದ ತೆಗೆಸಿ. ಸತ್ತರೂ ತಿಳಿಸಿ.

ಓಲೆ ಕಿತ್ತು ಬಿದ್ದರೆ ಬಿದ್ದ ಓಲೆಯನ್ನು ಎಸೆಯದೆ ತೆಗೆದಿಟ್ಟು ಕೂಡಲೇ ತಿಳಿಸಿ. ಹೊಸ ನಂಬರನ್ನು ಹಳೆಯ ದಾಖಲೆಗೆ ಜೋಡಿಸಬೇಕು. ವಿಮೆ ಇದ್ದರೆ ವಿಮಾ ಕಂಪನಿಗೂ ಅಂದೇ ತಿಳಿಸಬೇಕು.

5. ಹಣ ದಾರಿ ತಪ್ಪುವುದು ಎಲ್ಲಿ?

ಹಾಲಿಗೆ ಸರ್ಕಾರದ ಪ್ರೋತ್ಸಾಹಧನವು 2008ರಲ್ಲಿ ಲೀಟರಿಗೆ 2 ರೂಪಾಯಿಯಂತೆ ಆರಂಭವಾಯಿತು. 2013ರಲ್ಲಿ 4 ರೂಪಾಯಿ ಆಯಿತು, ನಂತರ 5 ರೂಪಾಯಿಗೆ ಏರಿತು. ದಿನಕ್ಕೆ 8 ಲೀಟರ್ ಹಾಕುವ ಮನೆಗೆ 5 ರೂಪಾಯಿಯಂತೆ ದಿನಕ್ಕೆ 40, ತಿಂಗಳಿಗೆ 1,200 ರೂಪಾಯಿ. ವರ್ಷಕ್ಕೆ 14,400 ರೂಪಾಯಿ. ಇದು ಸಣ್ಣ ಮೊತ್ತವಲ್ಲ. ಈ ಹಣ ಸದಸ್ಯರ ಬ್ಯಾಂಕ್ ಖಾತೆಗೆ ನೇರವಾಗಿ ಬರುತ್ತದೆ. ಅದು ದಾರಿ ತಪ್ಪುವುದು ಸಾಮಾನ್ಯವಾಗಿ ಮೂರು ಕಡೆ.

ಒಂದನೆಯದು ಹೆಸರು. ಆಧಾರ್‌ನಲ್ಲಿ ‘ಶರಣಮ್ಮ’, ಬ್ಯಾಂಕಿನಲ್ಲಿ ‘ಶರಣಬಸಮ್ಮ’, ಸಂಘದಲ್ಲಿ ತವರು ಮನೆಯ ಅಡ್ಡಹೆಸರು. ಊರಿಗೆಲ್ಲ ಗೊತ್ತು, ಒಬ್ಬರೇ ಎಂದು. ಯಂತ್ರಕ್ಕೆ ಗೊತ್ತಿಲ್ಲ. ಅದು ಅಕ್ಷರ ನೋಡುತ್ತದೆ, ಮುಖ ನೋಡುವುದಿಲ್ಲ.

ಎರಡನೆಯದು ಖಾತೆ. ಆಧಾರ್ ಮೂಲಕ ಕಳಿಸುವ ಹಣವು, ನೀವು ಕೊನೆಯದಾಗಿ ಯಾವ ಬ್ಯಾಂಕಿನ ಖಾತೆಗೆ ಈ ಸೌಲಭ್ಯವನ್ನು ಜೋಡಿಸಿದ್ದೀರೋ ಆ ಖಾತೆಗೆ ಹೋಗುತ್ತದೆ. ಸಂಘದಲ್ಲಿ ಯಾವ ಪಾಸ್ ಪುಸ್ತಕ ಕೊಟ್ಟಿದ್ದೀರಿ ಎಂಬುದನ್ನು ಅದು ಕೇಳುವುದಿಲ್ಲ. ಸಾಲಕ್ಕೆಂದು ಇನ್ನೊಂದು ಬ್ಯಾಂಕಿನಲ್ಲಿ ಖಾತೆ ತೆರೆದು ಅಲ್ಲಿ ಆಧಾರ್ ಜೋಡಣೆಗೆ ಸಹಿ ಮಾಡಿದ್ದರೆ ಹಣ ಅಲ್ಲಿಗೆ ಹೋಗಿ ಕೂತಿರಬಹುದು. ‘ಹಣ ಬಂದಿಲ್ಲ’ ಎಂದು ಸಂಘದೊಡನೆ ಜಗಳಕ್ಕೆ ನಿಲ್ಲುವ ಮೊದಲು ನಿಮ್ಮ ಎಲ್ಲ ಖಾತೆಗಳ ಪಾಸ್ ಪುಸ್ತಕಗಳನ್ನೂ ಒಮ್ಮೆ ಬರೆಸಿ ನೋಡಿ.

ಮೂರನೆಯದು ಮೊಬೈಲ್ ನಂಬರ್. ಇದು ನಮ್ಮ ಮೂರು ತಾಲೂಕುಗಳಲ್ಲಿ ವಿಶೇಷವಾಗಿ ಯೋಚಿಸಬೇಕಾದ ಮಾತು. ಮನೆಯಲ್ಲಿ ದನ ಕಟ್ಟಿ, ಮೇವು ಹಾಕಿ, ಹಾಲು ಹಿಂಡುವವರು ತಾಯಂದಿರು. ಸದಸ್ಯತ್ವವೂ ಅವರ ಹೆಸರಿನಲ್ಲೇ ಇರುತ್ತದೆ. ಆದರೆ ಕೊಟ್ಟ ಫೋನ್ ನಂಬರ್ ಮಗನದು. ಮಗ ದುಡಿಯಲು ಪುಣೆಗೋ ಮುಂಬೈಗೋ ಬೆಂಗಳೂರಿಗೋ ಹೋದ. ನಂಬರೂ ಅವನ ಜೊತೆ ಹೋಯಿತು. ಈಗ ತಾಯಿ ಪಶು ಆಸ್ಪತ್ರೆಯಲ್ಲೋ ಬ್ಯಾಂಕಿನಲ್ಲೋ ನಿಂತಿದ್ದಾರೆ, ಓಟಿಪಿ ಪುಣೆಯಲ್ಲಿ ಬಂದಿದೆ. ಅವನು ಕೆಲಸದ ಮೇಲಿದ್ದಾನೆ, ಫೋನ್ ಎತ್ತುವುದಿಲ್ಲ. ಆ ದಿನದ ಕೆಲಸ ಹಾಳು.

ಇದಕ್ಕಿಂತ ಕೆಟ್ಟದ್ದೂ ಇದೆ. ಸುಮಾರು ಮೂರು ತಿಂಗಳು ಬಳಸದೆ ಬಿಟ್ಟ ನಂಬರನ್ನು ಕಂಪನಿಯವರು ರದ್ದು ಮಾಡಿ, ಮುಂದೆ ಬೇರೆಯವರಿಗೆ ಕೊಡಬಹುದು. ಆಗ ನಿಮ್ಮ ಓಟಿಪಿ ಗೊತ್ತಿಲ್ಲದವರ ಕೈಗೆ ಹೋಗುತ್ತದೆ. ಒಂದೇ ಕೀಲಿಕೈಯಿಂದ ಹಲವು ಬಾಗಿಲು ತೆರೆಯುವ ಕಾಲದಲ್ಲಿ ಇದು ದೊಡ್ಡ ಅಪಾಯ. ನಂಬರ್ ಬದಲಿಸಿದರೆ ಮೊದಲು ಆಧಾರ್ ಕೇಂದ್ರದಲ್ಲಿ, ನಂತರ ಬ್ಯಾಂಕಿನಲ್ಲಿ, ನಂತರ ಸಂಘದಲ್ಲಿ ಮತ್ತು ಪಶು ಆಸ್ಪತ್ರೆಯಲ್ಲಿ ಬದಲಿಸಿ.

ಹಾಲು ಹಾಕುವ ತಾಯಂದಿರೇ, ನಿಮಗೆ ನಮ್ಮ ವಿನಂತಿ ಇಷ್ಟು. ನಿಮ್ಮ ಹೆಸರಿನಲ್ಲಿ, ನಿಮ್ಮ ಕೈಯಲ್ಲಿರುವ ಒಂದು ನಂಬರ್ ಇರಲಿ. ಗುಂಡಿ ಒತ್ತುವ ಸಾದಾ ಫೋನ್ ಆದರೂ ಸಾಕು. ಹಾಲು ನಿಮ್ಮದು, ಕೀಲಿಕೈಯೂ ನಿಮ್ಮ ಹತ್ತಿರವೇ ಇರಬೇಕು.

6. ಒಂದೇ ಕೀಲಿಕೈಯ ಅಪಾಯ

ಅನುಕೂಲ ಹೆಚ್ಚಿದಷ್ಟು ಎಚ್ಚರವೂ ಹೆಚ್ಚಬೇಕು. ಹತ್ತು ಬಾಗಿಲಿಗೆ ಹತ್ತು ಕೀಲಿಕೈ ಇದ್ದರೆ ಒಂದು ಕಳೆದರೆ ಒಂದೇ ಮನೆ ಹೋಗುತ್ತದೆ. ಒಂದೇ ಇದ್ದರೆ ಎಲ್ಲವೂ ಹೋಗುತ್ತವೆ. ಆದ್ದರಿಂದ ಈ ಮಾತುಗಳು ನೆನಪಿರಲಿ.

ಅ) ಓಟಿಪಿಯನ್ನು ಫೋನಿನಲ್ಲಿ ಯಾರು ಕೇಳಿದರೂ ಹೇಳಬೇಡಿ. ಬ್ಯಾಂಕಿನವರು, ಒಕ್ಕೂಟದವರು, ಇಲಾಖೆಯವರು ಎಂದು ಹೇಳಿಕೊಂಡರೂ ಸರಿಯೇ. ನಿಮ್ಮ ಎದುರಿಗೆ ಕುಳಿತು, ನೀವೇ ಕೇಳಿದ ಕೆಲಸ ಮಾಡುತ್ತಿರುವವರು ಕೇಳಿದರೆ, ಸಂದೇಶದಲ್ಲಿ ಯಾವ ಕೆಲಸಕ್ಕೆ ಎಂದು ಬರೆದಿದೆ ಎಂಬುದನ್ನು ಮೊದಲು ಓದಿಸಿಕೊಳ್ಳಿ.

ಆ) ವಾಟ್ಸಾಪಿನಲ್ಲಿ ರೈತರ ಯೋಜನೆಯ ಹೆಸರು ಹಾಕಿ ಬರುವ ‘ಎಪಿಕೆ’ ಫೈಲನ್ನು ಒತ್ತಬೇಡಿ. ಅದು ಫೋನಿನೊಳಗೆ ಕುಳಿತು ನಿಮ್ಮ ಓಟಿಪಿಯನ್ನು ಓದಿ ಬೇರೆಯವರಿಗೆ ಕಳಿಸಬಲ್ಲದು. ಆ್ಯಪ್ ಬೇಕಾದರೆ ಫೋನಿನ ಪ್ಲೇ ಸ್ಟೋರಿನಿಂದಲೇ ತೆಗೆದುಕೊಳ್ಳಿ.

ಇ) ಆ್ಯಪ್ ‘ಡಿಜಿಲಾಕರ್ ಮೂಲಕ ಒಳಗೆ ಬನ್ನಿ’ ಎಂದರೆ ಡಿಜಿಲಾಕರಿನ ಪುಟವೇ ತೆರೆಯಬೇಕು. ಮೇಲಿನ ಸಾಲಿನಲ್ಲಿ ವಿಳಾಸವಿರುತ್ತದೆ. ಮೊದಲ ಒಂಟಿ ಓರೆಗೆರೆಗಿಂತ ಮುಂಚೆ ಅದು ‘ಡಾಟ್ ಗವ್ ಡಾಟ್ ಇನ್’ ಎಂದು ಮುಗಿಯಬೇಕು. ಹಾಗಿಲ್ಲದಿದ್ದರೆ ಅದು ಸುಳ್ಳು ಕಾರ್ಯದರ್ಶಿ. ಪಾಸ್‌ವರ್ಡ್ ಕೊಡಬೇಡಿ.

ಈ) ಅಂಗಡಿಯ ಕಂಪ್ಯೂಟರಿನಲ್ಲಿ ಕೆಲಸ ಮಾಡಿಸಿದರೆ ಎದ್ದು ಬರುವ ಮೊದಲು ‘ಲಾಗ್ ಔಟ್’ ಮಾಡಿಸಿ. ಇಲ್ಲದಿದ್ದರೆ ನಿಮ್ಮ ಚೀಟಿ ಅಲ್ಲಿಯೇ ಉಳಿದು, ಮುಂದಿನವರು ಅದನ್ನು ಹಿಡಿದು ಬೇರೆ ಬಾಗಿಲಿಗೂ ಹೋಗಬಹುದು.

ಉ) ಫೋನ್ ಕಳೆದರೆ ಮೊದಲು ಸಿಮ್ ಬಂದ್ ಮಾಡಿಸಿ. ಫೋನ್ ಹೋದದ್ದಕ್ಕಿಂತ ಸಿಮ್ ಹೋದದ್ದು ದೊಡ್ಡ ನಷ್ಟ.

ಊ) ಹಣ ಮೋಸವಾದರೆ ತಡಮಾಡದೆ 1930 ನಂಬರಿಗೆ ಕರೆ ಮಾಡಿ. ಬೇಗ ತಿಳಿಸಿದಷ್ಟು ಹಣ ತಡೆಹಿಡಿಯುವ ಅವಕಾಶ ಹೆಚ್ಚು. ಆಧಾರ್ ಬಗ್ಗೆ ಕೇಳಬೇಕಾದರೆ 1947.

7. ಸಂಘದ ಆಡಳಿತ ಮಂಡಳಿಗೆ ನಾಲ್ಕು ಮಾತು

ಹಾಲಿನ ತೂಕ, ಕೊಬ್ಬು, ಘನಾಂಶ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಬರೆಯುವ ಸಂಘಗಳು ಈಗ ಹಲವು. ಮುಂದೆ ಬಟವಾಡೆ, ಪಶು ಆಹಾರ, ವೈದ್ಯಕೀಯ ಸೇವೆ, ವಿಮೆ ಇವನ್ನೆಲ್ಲ ಒಂದೇ ಲಾಗಿನ್‌ಗೆ ಜೋಡಿಸುವ ಮಾತು ಬಂದರೆ ಈ ಕ್ರಮ ಅನುಸರಿಸುವುದು ಒಳ್ಳೆಯದು.

ಮೊದಲು ಸದಸ್ಯರ ಪುಸ್ತಕ ಶುದ್ಧವಾಗಲಿ. ತೀರಿಕೊಂಡವರು, ಊರು ಬಿಟ್ಟವರು, ಎರಡು ಸಲ ಬರೆದವರು ಇದ್ದರೆ ಸರಿಪಡಿಸಿ. ಕೊಳೆ ಇರುವ ಕ್ಯಾನಿಗೆ ಒಳ್ಳೆಯ ಹಾಲು ಸುರಿದರೂ ಕೆಡುತ್ತದೆ. ತಪ್ಪು ಪಟ್ಟಿಯನ್ನು ಕಂಪ್ಯೂಟರಿಗೆ ಹಾಕಿದರೂ ಹಾಗೆಯೇ.

ಎರಡನೆಯದಾಗಿ, ಒಬ್ಬರಿಗೆ ಒಂದು ಲಾಗಿನ್. ಕಾರ್ಯದರ್ಶಿ, ಪರೀಕ್ಷಕ, ಸಹಾಯಕ ಮೂವರೂ ಒಂದೇ ಪಾಸ್‌ವರ್ಡ್ ಬಳಸಿದರೆ ಮುಂದೆ ಕೊಬ್ಬಿನ ಅಂಕಿ ಯಾರು ತಿದ್ದಿದರು ಎಂದು ಹೇಳಲು ಬರುವುದಿಲ್ಲ. ಪ್ರಾಮಾಣಿಕರ ಮೇಲೂ ಅನುಮಾನ ಬರುತ್ತದೆ. ಬೇರೆ ಬೇರೆ ಲಾಗಿನ್ ಇರುವುದು ಸಿಬ್ಬಂದಿಯ ರಕ್ಷಣೆಗೇ.

ಮೂರನೆಯದಾಗಿ, ಕೆಲಸಕ್ಕೆ ತಕ್ಕಷ್ಟೇ ಅನುಮತಿ. ಪರೀಕ್ಷಕರಿಗೆ ಬ್ಯಾಂಕ್ ಖಾತೆ ಬದಲಿಸುವ ಅನುಮತಿ ಬೇಕಾಗಿಲ್ಲ. ಖಾತೆ ಬದಲಾವಣೆಗೆ ಸದಸ್ಯರ ಸಹಿ ಮತ್ತು ಇಬ್ಬರ ಒಪ್ಪಿಗೆ ಇರಲಿ. ಕೆಲಸ ಬಿಟ್ಟವರ ಲಾಗಿನ್ ಅದೇ ದಿನ ಬಂದ್ ಆಗಬೇಕು. ಕಚೇರಿಯ ಬೀಗದ ಕೈ ಹಿಂದಕ್ಕೆ ಪಡೆದು ಲಾಗಿನ್ ಹಾಗೇ ಬಿಟ್ಟರೆ ಅರ್ಧ ಕೆಲಸ ಮಾಡಿದಂತೆ.

ನಾಲ್ಕನೆಯದಾಗಿ, ನೆಟ್‌ವರ್ಕ್ ಇಲ್ಲದ ದಿನಕ್ಕೂ ವ್ಯವಸ್ಥೆ ಇರಲಿ. ನಮ್ಮ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಲಾಗಿನ್ ಆಗಲಿಲ್ಲವೆಂದು ಹಾಲು ಕಟ್ಟೆಯ ಮೇಲೆ ಕಾದರೆ ಒಡೆದುಹೋಗುತ್ತದೆ. ಆ ಹೊತ್ತಿಗೆ ಪುಸ್ತಕದಲ್ಲಿ ಬರೆದು, ಸದಸ್ಯರಿಗೆ ಚೀಟಿ ಕೊಟ್ಟು, ನಂತರ ಕಂಪ್ಯೂಟರಿಗೆ ಏರಿಸುವ ಪದ್ಧತಿಯನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ಹಾಲು ಯಂತ್ರಕ್ಕಾಗಿ ಕಾಯಬಾರದು.

ಇದರೊಡನೆ, ಸದಸ್ಯರ ವಿವರವನ್ನು ಯಾರಿಗೆ, ಯಾವ ಕೆಲಸಕ್ಕೆ ಕೊಡುತ್ತೇವೆ ಎಂಬುದನ್ನು ಸಭೆಯಲ್ಲಿ ತಿಳಿಸಿ ಒಪ್ಪಿಗೆ ಪಡೆಯಿರಿ. ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ 2023ರಲ್ಲಿ ಸಂಸತ್ತು ಕಾಯ್ದೆಯನ್ನೇ ಮಾಡಿದೆ.

8. ಪ್ರಶ್ನೋತ್ತರ

ಪ್ರಶ್ನೆ: ನನಗೆ ಸ್ಮಾರ್ಟ್‌ಫೋನ್ ಇಲ್ಲ. ನನ್ನ ಗತಿ ಏನು?
ಉತ್ತರ: ಓಟಿಪಿ ಸಾದಾ ಫೋನಿಗೂ ಬರುತ್ತದೆ. ದನಕ್ಕೆ ತುರ್ತು ಚಿಕಿತ್ಸೆ ಬೇಕಾದರೆ 1962 ನಂಬರಿಗೆ ಯಾವ ಫೋನಿನಿಂದಲಾದರೂ ಕರೆ ಮಾಡಬಹುದು. ಅದಕ್ಕೆ ಲಾಗಿನ್ ಬೇಡ. ಕಿವಿಯೋಲೆಯ ನಂಬರ್ ಹತ್ತಿರ ಇಟ್ಟುಕೊಂಡು ಮಾತಾಡಿದರೆ ಒಳ್ಳೆಯದು.

ಪ್ರಶ್ನೆ: ಕಾರ್ಯದರ್ಶಿಗಳು ನಮ್ಮವರೇ. ಅವರಿಗೆ ಪಾಸ್‌ವರ್ಡ್ ಹೇಳಿಟ್ಟರೆ ತಪ್ಪೇನು?
ಉತ್ತರ: ನಂಬಿಕೆಯ ಪ್ರಶ್ನೆ ಅಲ್ಲ. ಮುಂದೆ ಏನಾದರೂ ಎಡವಟ್ಟಾದರೆ ಅವರೂ ಸಿಕ್ಕಿಬೀಳುತ್ತಾರೆ, ನೀವೂ ಸಿಕ್ಕಿಬೀಳುತ್ತೀರಿ. ಸಹಾಯ ಕೇಳಿ, ಎದುರಿಗೆ ಕುಳಿತು ಮಾಡಿಸಿಕೊಳ್ಳಿ. ಕೀಲಿಕೈ ಕೊಟ್ಟು ಬರಬೇಡಿ.

ಪ್ರಶ್ನೆ: ಆಧಾರ್ ನಂಬರ್ ಬೇರೆಯವರಿಗೆ ತಿಳಿದರೆ ಹಣ ಹೋಗುತ್ತದೆಯೇ?
ಉತ್ತರ: ಬರೀ ನಂಬರಿನಿಂದ ಹೋಗುವುದಿಲ್ಲ. ಬೆರಳಚ್ಚು ಅಥವಾ ಓಟಿಪಿ ಬೇಕು. ಆದ್ದರಿಂದ ಯಾವ ಯಂತ್ರದ ಮೇಲೆ, ಯಾವ ಕೆಲಸಕ್ಕೆ ಬೆರಳು ಇಡುತ್ತಿದ್ದೇನೆ ಎಂದು ಕೇಳಿಯೇ ಇಡಿ. ‘ಸರಿಯಾಗಿ ಬರಲಿಲ್ಲ, ಇನ್ನೊಮ್ಮೆ ಇಡಿ’ ಎಂದರೆ ಮೊದಲ ಸಲದ ರಸೀದಿ ಕೇಳಿ. ಬೇಡವಾದಾಗ ಬೆರಳಚ್ಚಿಗೆ ಬೀಗ ಹಾಕುವ ಸೌಲಭ್ಯವೂ ಆಧಾರ್‌ನಲ್ಲಿದೆ.

ಪ್ರಶ್ನೆ: ಕಿವಿಯೋಲೆ ಹಾಕಿಸಿದರೆ ಎಮ್ಮೆ ಹಾಲು ಇಳಿಸುತ್ತದೆಯೇ?
ಉತ್ತರ: ಇಲ್ಲ. ಆ ಹೊತ್ತಿಗೆ ಬೆದರಬಹುದು, ಅಷ್ಟೇ. ಗಾಯದ ಜಾಗವನ್ನು ನಾಲ್ಕೈದು ದಿನ ನೋಡಿಕೊಳ್ಳಿ. ಮಳೆಗಾಲದಲ್ಲಿ ನೊಣ ಕೂತು ಹುಳು ಬೀಳದಂತೆ ಔಷಧ ಹಚ್ಚಿ. ಬಾವು ಬಂದರೆ ಆಸ್ಪತ್ರೆಗೆ ತೋರಿಸಿ.

9. ಈ ವಾರವೇ ಮಾಡಬೇಕಾದ ಕೆಲಸ

ಮಕ್ಕಳ ನೋಟ್ ಪುಸ್ತಕದ ಒಂದು ಹಾಳೆ ತೆಗೆದುಕೊಳ್ಳಿ. ಶಾಲೆಗೆ ಹೋಗುವ ಮಗುವಿನಿಂದ ಇಷ್ಟನ್ನು ಬರೆಸಿ: ಆಧಾರ್‌ನಲ್ಲಿರುವ ನಿಮ್ಮ ಹೆಸರು ಅಕ್ಷರಕ್ಕೆ ಅಕ್ಷರ, ಬ್ಯಾಂಕ್ ಪಾಸ್ ಪುಸ್ತಕದಲ್ಲಿರುವ ಹೆಸರು, ಸಂಘದ ಪುಸ್ತಕದಲ್ಲಿರುವ ಹೆಸರು, ಸದಸ್ಯ ಸಂಖ್ಯೆ, ಎಫ್‌ಐಡಿ, ಈ ಎಲ್ಲ ಕಡೆ ಕೊಟ್ಟಿರುವ ಮೊಬೈಲ್ ನಂಬರ್ ಯಾರದು, ಆಧಾರ್ ಹಣ ಬರುವ ಖಾತೆ ಯಾವುದು, ಪ್ರತಿ ದನದ ಕಿವಿಯೋಲೆ ನಂಬರ್, ಕೊನೆಯ ಲಸಿಕೆಯ ದಿನ ಮತ್ತು ಅದು ಯಾರ ಹೆಸರಿನಲ್ಲಿದೆ.

ಹಾಳೆಯ ಮೇಲೆ ಪಾಸ್‌ವರ್ಡ್, ಪಿನ್ ಬರೆಯಬೇಡಿ. ಅವು ತಲೆಯಲ್ಲಿರಲಿ.

ಬರೆದ ಮೇಲೆ ಸಾಲುಗಳನ್ನು ಹೋಲಿಸಿ ನೋಡಿ. ಹೊಂದದ ಸಾಲಿನ ಕೆಳಗೆ ಗೆರೆ ಎಳೆಯಿರಿ. ಮೊದಲು ಆಧಾರ್ ಸರಿಪಡಿಸಿ, ಉಳಿದವನ್ನು ಅದಕ್ಕೆ ಹೊಂದಿಸಿ. ಕ್ರಮ ತಿರುಗಿಸಿದರೆ ಎರಡು ಸಲ ಓಡಾಡಬೇಕಾಗುತ್ತದೆ. ಓದು ಬಾರದ ನೆರೆಯವರಿದ್ದರೆ ಅವರ ಹಾಳೆಯನ್ನೂ ಬರೆದುಕೊಡಿ. ಹಾಲು ಹಾಕಲು ಹೋದಾಗ ಈ ಹಾಳೆ ಜೊತೆಗಿರಲಿ. ಗೆರೆ ಎಳೆದ ಸಾಲುಗಳನ್ನು ಕಾರ್ಯದರ್ಶಿಗಳಿಗೆ ತೋರಿಸಿ.

ಹಸು ಹಾಲು ಕೊಟ್ಟಿದೆ, ನೀವು ದುಡಿದಿದ್ದೀರಿ. ಒಂದು ಅಕ್ಷರ ಹೊಂದಲಿಲ್ಲವೆಂದು ಆ ದುಡಿಮೆಯ ಹಣ ನಿಲ್ಲಬಾರದು.

ಪಶುವೈದ್ಯ ವಿಸ್ತರಣಾಧಿಕಾರಿ